ಗುಂಡಿ ಒತ್ತಿದರೆ ಮಾತಾಡುವ ಕಾಡಿನ ಸಾಹೇಬ

ನನ್ನ ಮೊಮ್ಮಗಳು ಒಂದು ಬೆಳಗ್ಗೆ ಹತ್ತಿಯ ಗಡ್ಡ ಅಂಟಿಸಿಕೊಂಡು ಬ್ರಿಟಿಷ್ ಸಾಹೇಬನಾದಳು. ಅದನ್ನ ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರೋಕಾಗಲ್ಲ.

ಆಗ ನಾನು ಟೆಕ್ಸಾಸ್‌ನಲ್ಲಿ ಒಂದು ಕಡೆ ನಿಂತವಳೂ ಅಲ್ಲ. ಕ್ಯಾರಲ್ಟನ್‌ನಲ್ಲಿ ದೊಡ್ಡ ಮಗಳು, ಹೂಸ್ಟನ್‌ನಲ್ಲಿ ಮಗ, ಆಸ್ಟಿನ್ ಆಚೆ ಜಾರ್ಜ್‌ಟೌನ್‌ನಲ್ಲಿ ಚಿಕ್ಕ ಮಗಳು. ಒಬ್ಬರ ಮನೇಲಿ ಉಪ್ಪಿನಕಾಯಿ ಹಾಕಿ, ಅದು ಮಾಗೋದರೊಳಗೆ ಇನ್ನೊಬ್ಬರ ಕಾರಲ್ಲಿ ಕೂತಿರುತ್ತಿದ್ದೆ. ಈ ಮೊಮ್ಮಗಳು ಚಿಕ್ಕ ಮಗಳ ಕೂಸು. ಮನೇಲಿ ಪಟಾಕಿ, ಸ್ಕೂಲಲ್ಲಿ ಮಾತ್ರ ಬಾಯಿಗೆ ಬೀಗ. ಟೀಚರ್ ಏನು ಕೇಳಿದರೂ ತಲೆ ಆಡಿಸೋದೇ. ಮಗಳಿಗೂ ಅಳಿಯನಿಗೂ ಅದೇ ಕೊರಗು.

ಆ ಸ್ಕೂಲಲ್ಲಿ ಒಂದು ಪದ್ಧತಿ ಇದೆ. ಮಕ್ಕಳು ಹಿಂದಿನ ಕಾಲದವರ ವೇಷ ಹಾಕಿಕೊಂಡು, ಮೇಣದ ಗೊಂಬೆ ಥರ ಅಲ್ಲಾಡದೆ ನಿಲ್ಲಬೇಕು. ಎದುರಿಗೆ ಮೇಜಿನ ಮೇಲೆ ಕೆಂಪು ಕಾಗದದ ಗುಂಡಿ. ಬಂದವರು ಅದನ್ನ ಒತ್ತಿದರೆ ಗೊಂಬೆಗೆ ಜೀವ ಬಂದು, ನಾನು ಇಂಥವನು ಅಂತ ತನ್ನ ಕಥೆ ಹೇಳಬೇಕು. ಬೇರೆ ಮಕ್ಕಳು ಗಗನಯಾತ್ರಿ, ಪ್ರೆಸಿಡೆಂಟು ಅಂತ ಆರಿಸಿಕೊಂಡರೆ ನಮ್ಮವಳು ಲೈಬ್ರರಿಯ ಯಾವುದೋ ಪುಸ್ತಕದಲ್ಲಿ ನುಗ್ಗೆ ಗಿಡದ ಚಿತ್ರ ನೋಡಿ, ಅದನ್ನ ಬರೆಸಿದ ಸಾಹೇಬನನ್ನೇ ಹಿಡಿದಳು.

ಅಳಿಯ ನನಗೆ ಆ ಪುಸ್ತಕಾನ ಕನ್ನಡದಲ್ಲಿ ಓದಿ ಹೇಳಿದ. ಆ ಸಾಹೇಬ ಹುಟ್ಟಿದ್ದು ಮದ್ರಾಸಲ್ಲಂತೆ. ಎಳೇ ಮಗುವಾಗಿದ್ದಾಗಲೇ ಸ್ಕಾಟ್ಲೆಂಡಿಗೆ ಕಳಿಸಿಬಿಟ್ಟರು, ತಾತನ ಹತ್ತಿರ ಬೆಳೆದ. ಡಾಕ್ಟರಾಗಿ ವಾಪಸ್ ಬಂದು ನಮ್ಮ ಮೈಸೂರು ಸೀಮೆಯಲ್ಲಿ ಔಷಧಿ ಕೊಡುತ್ತಾ, ದಿನಕ್ಕೊಂದು ಗಿಡ ನೋಡುತ್ತಾ, ಊರಿನ ಚಿತ್ರಗಾರನ ಕೈಯಲ್ಲಿ ಅದರ ಎಲೆ, ಹೂವು, ಕಾಯಿ ಎಲ್ಲಾ ಬರೆಸುತ್ತಿದ್ದ. ರೈಲು ಹಳಿಗೆ ಅಂತ, ಸೌದೆಗೆ ಅಂತ ಮರ ಕಡಿದು ಕಾಡು ಬೋಳಾಗೋದು ನೋಡಿ ಹೊಟ್ಟೆ ಉರಿದು, ಸರ್ಕಾರಕ್ಕೆ ಹೇಳಿ ಹೇಳಿ, ಕೊನೆಗೆ ಕಾಡು ಕಾಯೋ ದೊಡ್ಡ ಅಧಿಕಾರಿಯೇ ಆದ. ಬೆಟ್ಟದ ಜನ ಕುಮ್ರಿ ಮಾಡೋದನ್ನೂ ತಡೆದ.

ಕುಮ್ರಿ ಅಂದ ತಕ್ಷಣ ನಾನು ಒಗ್ಗರಣೆ ಬಿಟ್ಟು ಓಡಿ ಬಂದೆ.

"ಅಯ್ಯೋ, ಆ ಕಾಡಿನ ಸಾಹೇಬರನ್ನ ನಮ್ಮಮ್ಮನ ಅಜ್ಜಿ ದಿನಾ ಬೈಯ್ಯೋಳಂತೆ ಕಣೇ! ನಮ್ಮೋರು ಬೆಟ್ಟದ ಒಂದು ಚೂರು ಸುಟ್ಟು, ಬೂದೀಲಿ ರಾಗಿ ಚೆಲ್ಲಿ ಬೆಳೆಯೋರು. ಸಾಹೇಬರು ಬಂದು ನಿಲ್ಲಿಸಿಬಿಟ್ಟರಂತೆ."

"ಸೋ, ಹೀ ವಾಸ್ ಬ್ಯಾಡ್?" ಅಂದಳು ಮೊಮ್ಮಗಳು.

"ಕೆಟ್ಟೋನು ಅನ್ನಕ್ಕಾಗಲ್ಲ ಕಂದ. ಕಾಡು ಉಳೀತು. ನಮ್ಮೋರ ಒಲೆ ಆರಿತು. ಎರಡೂ ನಿಜ."

ಮಗಳಿಗೆ ರೇಗಿತು. "ಅಮ್ಮಾ, ಅವಳು ಬಾಯಿ ತೆಗೆಯೋದೇ ಕಷ್ಟ. ನೀನು ಅದರ ಮೇಲೆ ನಿನ್ನ ಪುರಾಣ ಸೇರಿಸಬೇಡ!"

ಸರಿ, ಬಾಯಿ ಮುಚ್ಚಿಕೊಂಡೆ. ಆದರೆ ಕೈಕಾಲು ಸುಮ್ಮನಿರಬೇಕಲ್ಲ? ಸಾಹೇಬನ ಕೈಯಲ್ಲಿ ಗಿಡ ಬೇಡವೇ ಅಂತ ಕ್ಯಾರಲ್ಟನ್‌ಗೆ ಹೋಗಿ, ದೊಡ್ಡ ಮಗಳ ಕರಿಬೇವಿನ ಕುಂಡ ಮಡಿಲಲ್ಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಕಾರಲ್ಲಿ ಒಗ್ಗರಣೆ ಘಮ. ವೇಷದ ದಿನ ಬೆಳಗ್ಗೆ ಗಡ್ಡದ ಪಕ್ಕದಲ್ಲಿ ಒಂದು ದೃಷ್ಟಿ ಬೊಟ್ಟೂ ಇಟ್ಟೆ. ಸಾಹೇಬನಾದರೇನು, ಮಗು ಮಗುವೇ.

ಸ್ಕೂಲಿನ ಹಾಲಲ್ಲಿ ಜಾತ್ರೆ. ಗಗನಯಾತ್ರಿ ಮುಂದೆ ಸಾಲು. ನಮ್ಮ ಸಾಹೇಬನ ಮುಂದೆ ಒಂದು ನರಪಿಳ್ಳೆ ಇಲ್ಲ. ಕುಂಡ ಹಿಡಿದುಕೊಂಡು ಒಬ್ಬಳೇ ನಿಂತಿದ್ದಳು. ನಾನೇ ಹೋಗಿ ಒತ್ತುತ್ತೀನಿ ಅಂದರೆ ಮಗಳು ನನ್ನ ಸೆರಗು ಹಿಡಿದು, "ಬೇಡಮ್ಮ, ಬೇರೆಯವರ ಹತ್ತಿರ ಮಾತಾಡಬೇಕು ಅವಳು," ಅಂದಳು. ನಾನು ಆ ಗೋಡೆಗೆ ಹೋದೆ, ಈ ಗೋಡೆಗೆ ಬಂದೆ. ನೀರು ಕುಡಿದೆ. ಮತ್ತೆ ಕುಡಿದೆ.

ಅಷ್ಟರಲ್ಲಿ ಬೂಟು ಟಕಟಕ ಅನ್ನಿಸುತ್ತಾ ಒಬ್ಬ ಬಿಳಿ ತಾತ ಬಂದ, ಇನ್ಯಾವುದೋ ಮಗುವಿನ ತಾತ ಇರಬೇಕು. ಗುಂಡಿ ಒತ್ತಿದ. ಮೊಮ್ಮಗಳು ಕಣ್ಣು ಬಿಟ್ಟಳು, ಬಾಯಿ ಬಿಡಲಿಲ್ಲ. ಇನ್ನೊಂದು ಸಲ ಒತ್ತಿದ. ಉಹುಂ. ಪಾಪ, ಆ ತಾತನಿಗೂ ಏನು ಮಾಡಬೇಕೋ ತೋಚಲಿಲ್ಲವೇನೋ. ಬಗ್ಗಿ ಗಿಡ ಮೂಸಿದ, ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಹಸಿಹಸಿಯಾಗಿ ಅಗಿದೇ ಬಿಟ್ಟ. ಮುಖ ಹುಣಸೇಹಣ್ಣಾಯಿತು. ಸಾಹೇಬ ಕಿಸಕ್ ಅಂತ ನಕ್ಕ. ಗಡ್ಡದ ಒಂದು ತುದಿ ಕಿತ್ತು ಬಂತು. ನಗುತ್ತಲೇ ಮಾತು ಶುರುವಾಯಿತು ನೋಡಿ!

ಎಲ್ಲಾ ಇಂಗ್ಲಿಷು. ಮದ್ರಾಸ್ ಅಂದಳು, ಮೈಸೂರ್ ಅಂದಳು. ಅಲ್ಲಿವರೆಗೆ ನಾನೂ ಅವಳ ಹಿಂದೆಯೇ ಹೋದೆ. ಆಮೇಲೆ ಕುಮ್ರಿ ಅಂದಳು. ರಾಗಿ ಅಂದಳು. ಮೈ ಅಜ್ಜಿ ಅಂದಳು. ಮಗಳು ನನ್ನ ಕೈ ಹಿಚುಕಿದಳು, ಕೋಪಕ್ಕಲ್ಲ.

ತಾತ ಟೋಪಿ ತೆಗೆದು ಏನೋ ಕೇಳಿದ. ಮೊಮ್ಮಗಳು ಯೋಚಿಸಿದಳು. ಆಮೇಲೆ ಅಷ್ಟು ಜನರ ತಲೆ ಮೇಲೆ ಹಾದು ಬರುವ ಹಾಗೆ, ಅಚ್ಚ ಕನ್ನಡದಲ್ಲಿ ಕೂಗಿದಳು:

"ಅಜ್ಜೀ! ಕುಮ್ರಿ ನಿಲ್ಲಿಸಿದ ಮೇಲೆ ನಮ್ಮೋರು ಏನು ತಿಂದ್ರು?"

ಹಾಲಿನ ಮೂಲೆಯಿಂದ ನಾನೂ ಕೂಗಿದೆ. "ಕೆಳಗಿಳಿದು ಕಂಡೋರ ಹೊಲದಲ್ಲಿ ಕೂಲಿ ಮಾಡಿದ್ರು ಕಂದ! ಕೂಲಿಗೆ ಕೊಟ್ಟ ರಾಗೀನೇ ತಿಂದ್ರು!"

ಅವಳು ತಾತನ ಕಡೆ ತಿರುಗಿ ಅದನ್ನ ಇಂಗ್ಲಿಷ್ ಮಾಡಿ ಹೇಳಿದಳು. ತಾತ ನನ್ನತ್ತ ನೋಡಿ ತಲೆ ಬಾಗಿಸಿದ. ಗಗನಯಾತ್ರಿ ಸಾಲಿನಿಂದ ಇಬ್ಬರು, ಮೂವರು ನಮ್ಮ ಕಡೆ ಬಂದರು.

ನಾನು ಮಗಳ ಕೈ ಬಿಡಿಸಿಕೊಂಡು ಅವರ ಹಿಂದೆ ಹೋಗಿ ನಿಂತೆ. ನನ್ನ ಸರದಿ ಬಂದಾಗ ಮಗಳ ಮುಖ ನೋಡಿದೆ. ಬೇಡ ಅನ್ನಲಿಲ್ಲ. ಗುಂಡಿ ಒತ್ತಿದೆ. ಸಾಹೇಬ ಗಡ್ಡ ಸರಿ ಮಾಡಿಕೊಂಡು, ನನಗೂ ಮೊದಲಿಂದ ಶುರು ಮಾಡಿದ.