ಅಜ್ಜಿಯ ಬಲಗೈ

1976ರ ಚಳಿಗಾಲ, ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಪುಣೆಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡು. ಮಂಚದ ಮೇಲೆ ಅಜ್ಜಿ. ಸುತ್ತ ಅಪ್ಪ, ಅವ್ವ, ಒಂಬತ್ತು ವರ್ಷದ ನಾನು.

ಆಗೆಲ್ಲ ಮಕ್ಕಳನ್ನು ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಆದರೆ ಹಿಂದಿನ ದಿನ ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಎರಡೂ ಮೂತ್ರಪಿಂಡ ನಿಂತಿವೆ, ಇನ್ನು ಮನೆಯವರೆಲ್ಲ ಬಂದು ನೋಡಬಹುದು ಎಂದಿದ್ದರು. ಹಾಗೆಂದರೇನೆಂದು ಯಾರೂ ನನಗೆ ಹೇಳಲಿಲ್ಲ. ಎಣ್ಣೆ ಹಚ್ಚಿ, ಜಡೆ ಹಾಕಿ, ಶಾಲೆ ತಪ್ಪಿಸಿ ಕರೆತಂದರು. ನಮ್ಮ ಮನೆಯಲ್ಲಿ ಶಾಲೆ ತಪ್ಪಿಸುವುದೆಂದರೆ ಎಂಥ ಸಂಗತಿ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಯೆರವಡಾದ ನಮ್ಮ ಎರಡು ಕೋಣೆಯ ಮನೆ ಅಜ್ಜಿಯ ಸಪ್ಪಳದ ಮೇಲೆ ನಡೆಯುತ್ತಿತ್ತು. ಬೆಳಗಿನ ಐದಕ್ಕೆ ಸ್ಟೋವಿನ ಸೀಮೆಎಣ್ಣೆ ವಾಸನೆ, ಅದರ ಹಿಂದೆಯೇ ಕೊಣಮಿಗೆಯೆಂಬ ಕಟ್ಟಿಗೆಯ ಹರಿವಾಣದಲ್ಲಿ ಜೋಳದ ಹಿಟ್ಟು ಬಡಿಯುವ ಅವಳ ಬಲಗೈ. ಪಟ್ ಪಟ್ ಪಟ್. ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರುವಷ್ಟು ಹೊತ್ತು ಮೌನ, ಮತ್ತೆ ಪಟ್ ಪಟ್. ಮೊದಲ ರೊಟ್ಟಿಗೆ ಅಪ್ಪ ಏಳಬೇಕು, ಎರಡನೆಯದಕ್ಕೆ ನಾನು. ಮೂರನೆಯದು ಶುರುವಾದರೂ ಹೊದಿಕೆಯೊಳಗಿದ್ದರೆ, "ಮಹಾರಾಣಿ ಇನ್ನಾ ಎದ್ದಿಲ್ಲೇನು?" ಎಂದು ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು. ಎದ್ದವರಿಗೆ ಅಂಚು ಸುಟ್ಟ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಒಂದಿಷ್ಟು ಎಣ್ಣೆ. ಅಪ್ಪನಿಗೆ ಆಫೀಸಿನಲ್ಲಿ ಬಹುಮಾನವಾಗಿ ಬಂದಿದ್ದ ಅಲಾರಂ ಗಡಿಯಾರ ಡಬ್ಬಿ ಸಮೇತ ಕಪಾಟಿನಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಫಿನೈಲಿನ ವಾಸನೆ. ಅಜ್ಜಿಯ ಎಡಗೈಗೆ ಸಲೈನು ಹಾಕಿದ್ದರು. ಬಲಗೈಯನ್ನು ಬ್ಯಾಂಡೇಜಿನ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಆ ಕೈ ಒಂದೇ ಸಮನೆ ಹಾಸಿಗೆ ಬಡಿಯುತ್ತಿತ್ತಂತೆ. ಮೈಯೆಲ್ಲ ಅಲುಗಾಡಿ ಎಡಗೈಯ ಸೂಜಿ ಜಾರುತ್ತಿತ್ತಂತೆ. ಕಟ್ಟಲು ಹೇಳಿದವನು ಅಪ್ಪನೇ. ದೌಂಡಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ಚಿಕ್ಕಪ್ಪ ಸಂಜೆಯ ಗಾಡಿಗೆ ಬರುವವನಿದ್ದ. ಅಲ್ಲಿಯವರೆಗೆ ಸಲೈನು ನಿಲ್ಲಬಾರದೆಂಬುದೊಂದೇ ಅಪ್ಪನ ಹಟ. ಬಿಚ್ಚಿಸಿರಿ ಎಂದು ಅವ್ವ ಎರಡು ಸಲ ಕೇಳಿಕೊಂಡಳು.

"ಸೂಜಿ ಕಿತ್ತು ಬಂದ್ರ ಹೆಂಗ? ತಮ್ಮನ ಮುಖಾ ನೋಡೂತನಕಾರ ಇರ್ಲಿ," ಎಂದ ಅಪ್ಪ.

ನಾನು ಸ್ಟೂಲಿನ ಮೇಲೆ ಕೂತಿದ್ದೆ. ಕಟ್ಟಿದ್ದರೂ ಅಜ್ಜಿಯ ಬೆರಳುಗಳು ಆಡುತ್ತಲೇ ಇದ್ದವು, ಸರಳು ಸಣ್ಣಗೆ ಕಿಣಿಗುಟ್ಟುತ್ತಿತ್ತು. ಕೇಳುತ್ತ ಕೇಳುತ್ತ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಹಾಸಿಗೆ ಬಿಟ್ಟು ಏಳುವ ಹೊತ್ತಾದಂತೆ. ಕಿಣಿ ಕಿಣಿ, ನೀರು ಸವರುವಷ್ಟು ಮೌನ, ಮತ್ತೆ ಕಿಣಿ ಕಿಣಿ.

"ಅಪ್ಪಾ, ಅಜ್ಜಿ ರೊಟ್ಟಿ ಬಡೀಲಿಕ್ಕತ್ತಾಳ," ಎಂದೆ.

ಸುಮ್ಮನಿರು ಎಂದ ಅಪ್ಪ ತಾನೂ ನಿಂತು ಆಲಿಸಿದ. ಆಮೇಲೆ ಅವ್ವನ ಮುಖ ನೋಡಿದ. ಪಕ್ಕದ ಮಂಚದ ಬಳಿಯಿದ್ದ ಸಿಸ್ಟರು ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು, ಅವ್ವ ಹೇಳಿದಳು. ಸಿಸ್ಟರು ಬಾಗಿ, "ಭಾಕರಿ ಥಾಪತಾಯ್ ಕಾ, ಆಜಿ?" ರೊಟ್ಟಿ ಬಡಿಯುತ್ತಿದ್ದೀರಾ ಅಜ್ಜಿ, ಎಂದು ಮೆಲ್ಲಗೆ ಕೇಳಿ, ಅಪ್ಪನ ಕಡೆ ತಿರುಗಿ ಕಾದಳು. ಗಂಟನ್ನು ಅಪ್ಪನೇ ಬಿಚ್ಚಿದ. ಮಣಿಕಟ್ಟಿನ ಸುತ್ತ ಕೆಂಪಾಗಿತ್ತು. ಅದನ್ನೊಮ್ಮೆ ಸವರಿ, ಮಂಚದ ಆಚೆ ಬದಿಗೆ ಹೋಗಿ, ಸೂಜಿ ಅಲುಗದಂತೆ ಅಜ್ಜಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತ.

ಅವ್ವ ಬಲಗೈಯ ಕೆಳಗೆ ತನ್ನ ಅಂಗೈ ಒಡ್ಡಿದಳು. ಅಜ್ಜಿ ಬಡಿದಳು, ತಿರುಗಿಸಿದಳು, ಮತ್ತೆ ಬಡಿದಳು. ಎರಡು ದಿನದಿಂದ ಮುಚ್ಚಿದ್ದ ಬಾಯಿ ತೆರೆಯಿತು.

"ಹಿಟ್ಟ ಭಾಳ ಮೆತ್ತಗಾಗೇದ. ಎಷ್ಟ ಸಲ ಹೇಳೀನಿ ನಿನಗ."

"ಹೌದ್ರಿ ಅತ್ತಿ, ತಪ್ಪಾತ್ರಿ." ಮದುವೆಯಾದಾಗಿನಿಂದ ಮುಖ ಊದಿಸಿಕೊಂಡು ಕೇಳುತ್ತಿದ್ದ ಮಾತಿಗೆ ಅವ್ವ ಅಂದು ನಗುತ್ತ ಅಳುತ್ತ ತಲೆಯಾಡಿಸಿದಳು.

"ಮಂದಿ ಎಷ್ಟು?"

"ನಾವ ಅದೀವ್ರಿ. ಸಂಜೀಕ ದೌಂಡಿಂದ ನಿಮ್ಮ ಸಣ್ಣ ಮಗಾ ಬರ್ತಾನ."

"ಅವಂಗ ದಪ್ಪನ್ನ ರೊಟ್ಟಿ ಸೇರಂಗಿಲ್ಲ." ಅಜ್ಜಿಯ ಬಡಿತ ಹಗುರವಾಯಿತು.

ಬಹಳ ಹೊತ್ತು ಬಡಿದಳು. ಮಧ್ಯಾಹ್ನ ಕಳೆದ ಮೇಲೆ ನೀರು ಸವರುವ ಮೌನ ಬಂತು. ನಾನು ಮುಂದಿನ ರೊಟ್ಟಿಗೆ ಕಾದೆ. ಅವ್ವನ ಅಂಗೈ ಚಾಚಿಕೊಂಡೇ ಇತ್ತು.

ಚಿಕ್ಕಪ್ಪ ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಅವನು ಬಾಗಿಲಲ್ಲೇ ಕುಸಿದು ಕೂತ. ಅವ್ವ ಹತ್ತಿರ ಹೋಗಿ, "ನಿನ್ನ ರೊಟ್ಟಿ ತೆಳ್ಳಗ ಬಡದಾರಪಾ," ಎಂದಷ್ಟೇ ಹೇಳಿದಳು.

ನನಗೀಗ ಅಜ್ಜಿಯ ಆಗಿನ ವಯಸ್ಸು ಹತ್ತಿರವಾಗುತ್ತಿದೆ. ಐದಕ್ಕೇ ಏಳುತ್ತೇನೆ, ಯಾರೂ ಎಬ್ಬಿಸಬೇಕಿಲ್ಲ. ಕಾತ್ರಜದ ಈ ಮನೆಯಲ್ಲಿ ನೀರಿನ ಪಂಪು, ಹಾಲಿನ ಗಾಡಿ, ತಲೆದೆಸೆಯ ಫೋನು ಎಲ್ಲವೂ ಸಪ್ಪಳ ಮಾಡುತ್ತವೆ. ಆದರೆ ನಾನು ಎದ್ದೆನೋ ಇಲ್ಲವೋ ಎಂದು ಅವು ಕೇಳುವುದಿಲ್ಲ.

ಅಜ್ಜಿ ಹೋದ ಆ ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಗಂಡಸರು ಸ್ಮಶಾನದಿಂದ ಬಂದು ಸ್ನಾನ ಮಾಡಿದರು. ನೆರೆಮನೆಯವರು ತಂದ ಭಾಕರಿಯನ್ನು ಎಲ್ಲರೂ ಒಂದೊಂದು ತುತ್ತು ತಿಂದು ಬಿಟ್ಟರು. ಅವ್ವ ಕೊಣಮಿಗೆಯನ್ನು ತೊಳೆದು ಗೋಡೆಗೆ ಆನಿಸಿದಳು. ಅಪ್ಪ ಕಪಾಟು ತೆರೆದು, ಡಬ್ಬಿಯೊಳಗಿನ ಗಡಿಯಾರ ತೆಗೆದು ಕೀಲಿ ಕೊಟ್ಟ. ಅಲಾರಮ್ಮಿನ ಮುಳ್ಳನ್ನು ಐದಕ್ಕೆ ತಿರುಗಿಸಿಟ್ಟು ದೀಪ ಆರಿಸಿದ.