ಗಂಡಸುತನ ಒಣಗುವವರೆಗೆ

ರಕ್ತ ಪರೀಕ್ಷೆಯಲ್ಲಿ ನನ್ನ ಟೆಸ್ಟೋಸ್ಟೆರಾನ್ ಕಡಿಮೆ ಬಂದಾಗ, ದಿಲ್ಲಿಯ ಕರೋಲ್ ಬಾಗ್‌ನ ಡಾಕ್ಟರು ಇಂಜೆಕ್ಷನ್, ಕ್ಯಾಪ್ಸೂಲ್, ಜೆಲ್ ಎಲ್ಲವನ್ನೂ ಸೀರೆ ಅಂಗಡಿಯವರಂತೆ ಬಿಡಿಸಿ ತೋರಿಸಿದರು. ಸೂಜಿ ಎಂದರೆ ನನಗೆ ಹೆದರಿಕೆ, ಕ್ಯಾಪ್ಸೂಲ್ ಹೊಟ್ಟೆಗೆ ಒಗ್ಗದು. ಹಾಗಾಗಿ ಗಂಡಸುತನವನ್ನು ದಿನಾ ಭುಜಕ್ಕೆ ಹಚ್ಚಿಕೊಳ್ಳುವುದೆಂದು ಧೈರ್ಯವಾಗಿ ತೀರ್ಮಾನಿಸಿದೆ. ಜೆಲ್ ಒಣಗುವವರೆಗೆ ಅಂಗಿ ತೊಡಬಾರದು, ಹಚ್ಚಿದ ಜಾಗ ಹೆಂಡತಿಗೆ ತಾಗಲೇಬಾರದು, ತಾಗಿದರೆ ಔಷಧ ಅವಳ ಮೈಗೂ ಹತ್ತುತ್ತದೆ ಎಂದು ಡಾಕ್ಟರು ಎಚ್ಚರಿಸಿದರು.

ಮಯೂರ್ ವಿಹಾರದಲ್ಲಿ ಆಗ ಜನವರಿಯ ಚಳಿ. ಬೆಳಬೆಳಗ್ಗೆ ಬರಿಮೈಯಲ್ಲಿ ಹೀಟರಿನ ಮುಂದೆ ಕೂತು, ಹಲ್ಲು ಕಟಕಟಿಸುತ್ತ, ಗಂಡಸುತನ ಒಣಗಲೆಂದು ಕಾಯುತ್ತಿದ್ದೆ. ರಜಾಯಿಯೊಳಗೆ ಬೆಚ್ಚಗಿದ್ದ ಹೆಂಡತಿ ನಗುತ್ತಿದ್ದಳು. ಭಾನುವಾರದ ಎಣ್ಣೆಸ್ನಾನಕ್ಕೆ ಅವಳೇ ನನ್ನ ಬೆನ್ನು, ಭುಜಕ್ಕೆ ಎಣ್ಣೆ ತಿಕ್ಕುವುದು ನಮ್ಮ ಮನೆಯ ರೂಢಿ. ಅದೂ ನಿಂತಿತು. ಅವಳು ಎಣ್ಣೆ ಬಟ್ಟಲು ಹಿಡಿದು ಬಂದರೆ ಸಾಕು, "ಬೇಡ, ಮುಟ್ಟಬೇಡ!" ಎಂದು ನಾನು ಬಾಲ್ಕನಿಗೆ ಓಡುತ್ತಿದ್ದೆ.

ಹೆಂಡತಿಯ ಜೊತೆ ಮತ್ತೆ ಹೋದಾಗ ಡಾಕ್ಟರು, ಏನಾದರೂ ಬದಲಾವಣೆ ಕಂಡಿತೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದಳು:

"ಆಗಿದೆ ಅನ್ನಿ. ಮೊದ್ಲು ಸೂಜಿಗೆ ಮಾತ್ರ ಹೆದರ್ತಿದ್ರಿ. ಈಗ ನನಗೂ ಹೆದರ್ತೀರಿ."