ಸೊಳ್ಳೆ ಕಡಿತದ ಪಂಡಿತ

ಬೋಳು ತಲೆಯ ಮೇಲೆ ಸೊಳ್ಳೆ ಬಂದು ಕೂತರೆ ನಮ್ಮ ಕಾಕಾ ಕೈ ಎತ್ತುತ್ತಿರಲಿಲ್ಲ. ಅದು ಚುಚ್ಚಿ, ಹೊಟ್ಟೆ ಕೆಂಪಗೆ ಉಬ್ಬುವಷ್ಟು ಕುಡಿದು, ಮೈಭಾರದಿಂದ ಓಲಾಡುತ್ತ ಹಾರಿಹೋಗುವ ತನಕ ಕುತ್ತಿಗೆ ಅಲುಗಿಸದೆ ಕೂತಿರುತ್ತಿದ್ದರು. ಆಮೇಲೆ ತಲೆ ಬಗ್ಗಿಸಿ ನಮಗೆ ತೋರಿಸುತ್ತಿದ್ದರು. ಅಲ್ಲಿ ಗುಳ್ಳೆ ಇಲ್ಲ, ಕೆಂಪಿಲ್ಲ, ಏನೂ ಇಲ್ಲ. ಆ ನುಣ್ಣನೆಯ ತಲೆಯನ್ನು ಅವರು ಯಾವುದೋ ಪರೀಕ್ಷೆ ಪಾಸಾದವರ ಹಾಗೆ ತೋರಿಸುತ್ತಿದ್ದರು. ನನಗಂತೂ ಆ ತಲೆ ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಹೀಗೆಲ್ಲ ಬರೆಯಬಾರದು ಎನ್ನುತ್ತಾರೆ. ಅವರು ಬದುಕಿದ್ದಾಗ ನಾನು ಆಡದೆ ನುಂಗಿದ್ದು ಬೇಕಾದಷ್ಟಿದೆ, ಆದ್ದರಿಂದ ಬರೆಯುತ್ತೇನೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು, ಬೆಳಗಾವಿಯ ಟಿಳಕವಾಡಿಯಲ್ಲಿ ಸ್ವಂತ ಮನೆ. ನನಗೆ ಬೆಳಗಾವಿಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಾಗ, ಖಾನಾಪುರದಿಂದ ದಿನಾ ಯಾಕೆ ಓಡಾಡುತ್ತೀ ಎಂದು ಅಪ್ಪ ನನ್ನನ್ನು ಅವರ ಮನೆಯಲ್ಲಿ ಬಿಟ್ಟುಹೋದರು. ಹಿತ್ತಲಿಗೆ ಹತ್ತಿಕೊಂಡೇ ಗಟಾರ. ಸಂಜೆಯಾದರೆ ಸಾಕು, ಸೊಳ್ಳೆಗಳು ಮನೆ ತಮ್ಮದೇ ಎಂಬಂತೆ ಒಳಗೆ ಬರುತ್ತಿದ್ದವು. ಖಾನಾಪುರದಲ್ಲೇನು ಸೊಳ್ಳೆ ಇರಲಿಲ್ಲವೆಂದಲ್ಲ. ಆದರೆ ಇಲ್ಲಿಯವುಗಳಿಗೆ ನನ್ನ ಮೈ ಒಗ್ಗಲಿಲ್ಲ. ಬಂದ ವಾರದಲ್ಲೇ ಎರಡೂ ಕೈ ತುಂಬ ಗಂಟುಗಂಟಾಗಿ ಬಾತುಕೊಂಡವು.

ಹಚ್ಚಿಕೊಳ್ಳಲು ಏನಾದರೂ ಇದೆಯೇ ಎಂದು ಕಾಕಾನನ್ನು ಕೇಳಿದೆ. ಮುಲಾಮು ಸಿಗಲಿಲ್ಲ, ಪಾಠ ಸಿಕ್ಕಿತು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ, ಮೊಟ್ಟೆಗಾಗಿ ಅದಕ್ಕೆ ರಕ್ತ ಬೇಕು. ಹೀರುವಾಗ ರಕ್ತ ಹೆಪ್ಪುಗಟ್ಟದಿರಲೆಂದು ತನ್ನ ಜೊಲ್ಲನ್ನು ಒಳಗೆ ಬಿಡುತ್ತದೆ. ಪರಕೀಯ ಜೊಲ್ಲು ಒಳಗೆ ಬಂತೆಂದು ನಮ್ಮ ಮೈ ಗಾಬರಿಯಾಗಿ ಹಿಸ್ಟಮಿನ್ ಎಂಬ ರಸ ಸುರಿಸುತ್ತದೆ. ಅದರಿಂದ ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಜಿನುಗುತ್ತದೆ, ಅದೇ ಬಾವು. ನರಗಳು ಕೆರಳುತ್ತವೆ, ಅದೇ ನವೆ. ವರ್ಷಗಟ್ಟಲೆ ಕಚ್ಚಿಸಿಕೊಂಡವರಲ್ಲಿ ಕೆಲವರಿಗೆ ಮೈ ಒಗ್ಗಿಹೋಗಿ ಗುಳ್ಳೆಯೇ ಏಳುವುದಿಲ್ಲ. ಇಷ್ಟನ್ನೂ ಅವರು ನನ್ನ ಕೈ ನೋಡದೆ, ಮೇಲೆ ತಿರುಗುವ ಫ್ಯಾನು ನೋಡುತ್ತ ಹೇಳಿದರು. ಕೊನೆಗೆ, ಸೊಳ್ಳೆಯನ್ನು ಗುಂಗಾಡ ಎನ್ನುವ ಅವರ ಖಾಯಂ ಮಾತು: "ಗುಂಗಾಡದ್ದು ತಪ್ಪಿಲ್ಲ. ತಕರಾರು ನಿನ್ನ ಮೈಯಾಗ ಐತಿ."

ಈ ಮಾತನ್ನು ಹಾಲಿನವನಿಗೂ ಹೇಳುತ್ತಿದ್ದರು, ಮನೆಗೆ ಬಂದ ಬೀಗರಿಗೂ ಹೇಳುತ್ತಿದ್ದರು. ಪಾಠ ಖರೇ ಇತ್ತು, ನನಗೆ ಹೆಚ್ಚು ಉರಿಯುತ್ತಿದ್ದುದು ಅದಕ್ಕೇ. ತಪ್ಪು ಹೇಳುವವರೊಂದಿಗೆ ಜಗಳವಾದರೂ ಆಡಬಹುದು. ಕಾರಣ ತಿಳಿದುಕೊಂಡ ಮೇಲೆ ಕೆರೆಯುವವರು ದಡ್ಡರು, ಔಷಧ ಕೇಳುವವರು ಪುಕ್ಕಲರು ಎಂಬುದು ಅವರ ನ್ಯಾಯ. ಕಾಯಿಲ್ ಹಚ್ಚಿದರೆ ಹೊಗೆ ಕೆಟ್ಟದ್ದು ಎನ್ನುತ್ತಿದ್ದರು, ಫ್ಯಾನು ಜೋರು ಮಾಡಿದರೆ ಪೇಪರು ಹಾರುತ್ತದೆ ಎನ್ನುತ್ತಿದ್ದರು. ಇನ್ನು ಉಳಿದದ್ದು ಒಂದೇ ಔಷಧ, "ತಾನಽ ಇಳೀತೈತಿ."

ಆ ಮನೆಯಲ್ಲಿ ನನ್ನನ್ನು ಉಳಿಸಿದವಳು ಅವರ ಹೆಂಡತಿ, ನಮ್ಮ ಕಾಕು. ಅವಳ ಮೈ ನನಗಿಂತ ಸೂಕ್ಷ್ಮ, ಒಂದು ಕಡಿತಕ್ಕೆ ಲಿಂಬೆಹಣ್ಣಿನಷ್ಟು ಬಾತುಕೊಳ್ಳುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆ ಪಾಠವನ್ನು ಅವಳು ಎಷ್ಟು ಸಲ ಕೇಳಿದ್ದಳೋ. ನನ್ನನ್ನು ಮೆಲ್ಲಗೆ ಅಡುಗೆಮನೆಗೆ ಕರೆದು, ಕಚ್ಚಿದ ಜಾಗವನ್ನು ಸೋಪು ಹಚ್ಚಿ ತೊಳೆಸಿ, ಫ್ರಿಜ್ಜಿನಿಂದ ಸ್ಟೀಲಿನ ಸಣ್ಣ ವಾಟಿ ತೆಗೆದು ಒದ್ದೆ ಬಟ್ಟೆ ಸುತ್ತಿ ಒತ್ತಿ ಹಿಡಿಯುತ್ತಿದ್ದಳು. ಹತ್ತು ನಿಮಿಷಕ್ಕೆ ನವೆ ಅಡಗುತ್ತಿತ್ತು. ರವೆ ಡಬ್ಬಿಯ ಹಿಂದೆ ಗುಲಾಬಿ ಬಣ್ಣದ ಕ್ಯಾಲಮೈನ್ ಬಾಟಲಿ ಬಚ್ಚಿಟ್ಟಿದ್ದಳು. ತೀರಾ ಬಾತರೆ ಡಾಕ್ಟರು ಬರೆದುಕೊಟ್ಟ ಅಲರ್ಜಿ ಗುಳಿಗೆಯೂ ಇತ್ತು. "ಕೆರಕೋಬ್ಯಾಡವಾ, ಉಗರ ತಾಗಿದ್ರ ಹುಣ್ಣಾಗ್ತೈತಿ" ಎಂದು ನನಗೆ ಹೇಳುತ್ತಲೇ ತಾನು ಸೆರಗಿನಲ್ಲಿ ಮೊಣಕೈ ತಿಕ್ಕಿಕೊಳ್ಳುತ್ತಿದ್ದಳು. ತನ್ನದೇ ಮನೆಯಲ್ಲಿ ಅವಳು ಕಳ್ಳಿಯ ಹಾಗೆ ಔಷಧ ಹಚ್ಚಿಕೊಳ್ಳುವುದನ್ನು ನೋಡಿ ನನಗೆ ಕಾಕಾನ ಮೇಲೆ ಸಿಟ್ಟು ಬರುತ್ತಿತ್ತು.

ಗಣಪತಿ ಹಬ್ಬದ ಹಿಂದಿನ ವಾರ ಹಿತ್ತಲು ಸ್ವಚ್ಛ ಮಾಡುವಾಗ ಕಾಕುವಿನ ಎಡಗಾಲ ಹರಡಿನ ಹತ್ತಿರ ಸೊಳ್ಳೆ ಕಚ್ಚಿತು. ರಾತ್ರಿ ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಿದ್ದಾಳೆ, ಚರ್ಮ ಕಿತ್ತು ಹೋಗಿದೆ. ಅವಳಿಗೆ ಶುಗರ್ ಬೇರೆ. ಮೂರನೆಯ ದಿನ ನಾನು ಆಫೀಸಿಗೆ ಹೊರಡುವಾಗ ಅವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಸೀರೆ ಸರಿಸಿ ನೋಡಿದೆ. ಕೆಂಪು ಅರ್ಧ ಮೀನಖಂಡದವರೆಗೆ ಏರಿತ್ತು. ಮುಟ್ಟಿದರೆ ಕಾಲು ಸುಡುತ್ತಿತ್ತು. ನವೆ ಇಲ್ಲ, ಬರೀ ನೋವು ಎಂದಳು. ಹಲ್ಲು ಕಡಕಡ ಎನ್ನುತ್ತಿದ್ದವು.

ಕಾಕಾ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ದವಾಖಾನೆಗೆ ಹೋಗೋಣ ಎಂದೆ. ಪೇಪರಿನ ಹಿಂದಿನಿಂದಲೇ, ಹಿಸ್ಟಮಿನ್ನಿನ ಕೆಲಸ ಅದು, ಒಬ್ಬೊಬ್ಬರಿಗೆ ನಾಲ್ಕೈದು ದಿನ ಹಿಡಿಯುತ್ತದೆ ಎಂದರು. ಜ್ವರ ಬಂದಿದೆ ಎಂದೆ. ಅದಕ್ಕೂ ಒಂದು ಕಾರಣ ಇತ್ತು ಅವರ ಬಳಿ. ನಾನು ರಸ್ತೆಗೆ ಓಡಿ ಆಟೋ ತಂದೆ. ಬಾತ ಪಾದಕ್ಕೆ ಚಪ್ಪಲಿ ಹಿಡಿಸಲಿಲ್ಲ, ಬರಿಗಾಲಲ್ಲೇ ಹೊಸ್ತಿಲಿಗೆ ಬಂದ ಕಾಕು ಅಲ್ಲಿ ನಿಂತುಬಿಟ್ಟಳು. ಗಂಡ ಹೂಂ ಎನ್ನಲಿ ಎಂದು ಕಾಯುತ್ತಿದ್ದಳು. ಅವರು ಪುಟ ತಿರುವಿದರು.

"ಕಾಕಾ, ನಾ ನಿಮ್ಮನ್ನ ಕೇಳಾಕತ್ತಿಲ್ರಿ. ಹೇಳಾಕತ್ತೀನಿ" ಎಂದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಒರಟು ಮಾತು ಅದು. ಕಾಕುವಿನ ತೋಳು ಹಿಡಿದು ಆಟೋದಲ್ಲಿ ಕೂರಿಸಿದೆ.

ದವಾಖಾನೆಯಲ್ಲಿದ್ದವಳು ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡ ಡಾಕ್ಟರು. ಕಾಲನ್ನು ಒತ್ತಿ ನೋಡಿ, ಕೆಂಪು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸುತ್ತಲೂ ಪೆನ್ನಿನಿಂದ ಗೆರೆ ಎಳೆದಳು, ಗೆರೆ ದಾಟುತ್ತದೋ ಇಲ್ಲವೋ ನೋಡಲು. ಇದು ಕಡಿತದ ಬಾವಲ್ಲ, ಕೆರೆದ ಗಾಯದಿಂದ ನಂಜು ಒಳಗೆ ಹೊಕ್ಕಿದೆ, ಶುಗರ್ ಇರುವವರಿಗೆ ಒಂದೆರಡು ದಿನ ತಡವಾದರೂ ಕಾಲಿಗೆ, ಜೀವಕ್ಕೆ ಕುತ್ತು ಎಂದಳು. ಆಗಲೇ ಭರ್ತಿ ಮಾಡಿಕೊಂಡು ಸಲಾಯಿನ್ನಿನಲ್ಲಿ ಔಷಧ ಬಿಟ್ಟರು.

ಸಂಜೆ ಕಾಕಾ ಇಸ್ತ್ರಿ ಅಂಗಿ ತೊಟ್ಟು ಬಂದರು. ಹೆಂಡತಿಯ ಹಣೆ ಮುಟ್ಟಲಿಲ್ಲ. ನೇರವಾಗಿ ಡಾಕ್ಟರ ಹತ್ತಿರ ಹೋಗಿ ಸೊಳ್ಳೆಯ ಜೊಲ್ಲಿನಿಂದ ಶುರುಮಾಡಿದರು. ಆಕೆ ತಾಳ್ಮೆಯಿಂದ ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು: "ಸರ್, ಈ ಮೂರು ದಿನದಾಗ ನೀವು ಇವರ ಕಾಲ ನೋಡಿದ್ರೇನ್ರಿ?"

ಕಾಕಾ ತಲೆ ಎತ್ತಿ ಫ್ಯಾನು ನೋಡಿದರು. ಮಂಚದ ಮೇಲಿಂದ ಕಾಕು ಹೇಳಿದಳು: "ಇಲ್ರಿ. ನೋಡಿಲ್ಲ." ಗಂಡನ ಎದುರಿಗೆ ಅವಳು ಬೇರೆಯವರಿಗೆ ಉತ್ತರ ಕೊಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಕೆಂಪು ಆ ಪೆನ್ನಿನ ಗೆರೆಯನ್ನು ದಾಟಲಿಲ್ಲ, ಕಾಲು ಉಳಿಯಿತು. ಕಾಕಾ ಬದಲಾದರೆಂದು ಬರೆಯಲು ನನಗೂ ಆಸೆ. ಆಗಲಿಲ್ಲ. ತಿಂಗಳೊಳಗೆ ಪಾಠಕ್ಕೆ ಹೊಸ ಅಧ್ಯಾಯ ಸೇರಿತು. ನಂಜು ಏರುವುದು ಹೇಗೆ, ಶುಗರ್ ಇದ್ದವರು ಯಾಕೆ ತಡಮಾಡಬಾರದು ಎಂದು ಬಂದವರಿಗೆಲ್ಲ ತಾವೇ ಕಂಡುಹಿಡಿದವರಂತೆ ಹೇಳುತ್ತಿದ್ದರು. ಕೇಳಿಸಿಕೊಳ್ಳಲಾರದೆ ನಾನು ಸದಾಶಿವನಗರದಲ್ಲಿ ಬಾಡಿಗೆ ಖೋಲಿ ಹಿಡಿದೆ. ಕಾಕುವನ್ನು ನೋಡಲು ಮಾತ್ರ ರವಿವಾರಕ್ಕೊಮ್ಮೆ ಹೋಗುತ್ತಿದ್ದೆ.

ಆದರೂ ಸುಳ್ಳು ಹೇಳಬಾರದು. ಸೊಳ್ಳೆ ಕಡಿತದ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅವರು ಕೊಟ್ಟದ್ದೇ. ಆಫೀಸಿನಲ್ಲಿ ಯಾರದೋ ಮಗುವಿನ ಕಿವಿ ಬಾತರೆ ಜೊಲ್ಲು, ಹಿಸ್ಟಮಿನ್ ಎಂದು ನಾನೂ ಶುರುಮಾಡುತ್ತೇನೆ. ನನ್ನ ಬಾಯಲ್ಲಿ ಅವರ ದನಿ ಕೇಳಿ ಅಸಹ್ಯವಾಗುತ್ತದೆ. ಈ ಋಣ ನನಗೆ ಬೇಕಿರಲಿಲ್ಲ, ತೀರಿಸುವುದು ಹೇಗೆಂದೂ ತಿಳಿಯದು.

ಹೋದ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡರು. ಶಿವಗಣಾರಾಧನೆಯ ದಿನ ಹಳೆಯ ವಿದ್ಯಾರ್ಥಿಗಳು ಬಹಳ ಜನ ಬಂದಿದ್ದರು. ಸರ್ ಜ್ಞಾನದ ಭಂಡಾರ, ಅವರ ಪಾಠ ಮರೆಯಲಾಗದು ಎಂದು ಒಬ್ಬರಾದ ಮೇಲೊಬ್ಬರು ಹೊಗಳಿದರು. ಯಾರೋ ಮೈಕನ್ನು ಕಾಕುವಿನ ಹತ್ತಿರ ಒಯ್ದು, ಎರಡು ಮಾತು ಆಡಿರಿ ಅಕ್ಕಾರ ಎಂದರು. ಅವಳು ಸೆರಗು ಸರಿಮಾಡಿಕೊಂಡು ಮೈಕು ಹಿಡಿದಳು.

"ಭಾಳ ಗೊತ್ತಿತ್ರಿ ಅವರಿಗೆ" ಎಂದಳು, ಮೈಕು ವಾಪಸು ಕೊಟ್ಟಳು.